ತಾಯಿ ಕಾರ್ಡಿನ ಖಾಲಿ ಜಾಗ

ಖಾನಾಪುರದ ಹೆರಿಗೆ ವಾರ್ಡಿನಲ್ಲಿ ನಾನು ನರ್ಸಾಗಿದ್ದೆ. ಮುಂದಿನ ಬಸಿರು ತಡೆಯುವ ದಾರಿಗಳನ್ನು ಬಾಣಂತಿಯರಿಗೆ ತಿಳಿಸಿ, ಅವರು ಒಪ್ಪಿದ್ದನ್ನು ತಾಯಿ ಕಾರ್ಡಿನಲ್ಲಿ ಬರೆಯುವುದು ನನ್ನ ಕೆಲಸ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಹುಡುಗಿಯೊಬ್ಬಳು ತಾನಾಗಿಯೇ ಕೇಳಿ ಕಾಪರ್-ಟಿ ಹಾಕಿಸಿಕೊಂಡಳು. ಆಮೇಲೆ ನನ್ನ ಕೈ ಹಿಡಿದಳು.

“ಕಾರ್ಡಿನ್ಯಾಗ ಬರೀಬ್ಯಾಡ್ರಿ ಅಕ್ಕಾರ. ನಮ್ಮತ್ತಿ ಓದತಾರ.”

ನನಗೆ ಸಿಟ್ಟೇ ಬಂತು. ಹೆಸರಿಗೆ ತಾಯಿ ಕಾರ್ಡು, ಓದುವವರು ಮನೆಮಂದಿಯೆಲ್ಲ! ಬರೆಯದಿದ್ದರೆ, ನಾಳೆ ಹೊಟ್ಟೆನೋವು ಬಂದಾಗ ಬೇರೆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಬರೆದರೆ ಆ ಮನೆಯಲ್ಲಿ ಇವಳ ಗತಿ ಏನು? ಬೇರೆ ಚೀಟಿಯಲ್ಲಿ ಬರೆದು ಅವಳ ಕೈಗಿಟ್ಟೆ. ಕಾರ್ಡಿನಲ್ಲಿ ಆ ಜಾಗ ಖಾಲಿ ಬಿಟ್ಟೆ.

ಮರುದಿನ ಬೆಳಗಾವಿಯ ರಾಮತೀರ್ಥ ನಗರದಿಂದ ಅತ್ತೆ ಬಂದರು. ಮೊಮ್ಮಗಳ ಮುಖ ನೋಡಿದರು, ಕಾರ್ಡನ್ನು ಪೂರ್ತಿ ಓದಿದರು, ನನ್ನನ್ನು ಬಾಗಿಲಾಚೆ ಕರೆದರು.

“ಸೊಸಿಗಿ ಏನರ ಹಾಕಿ ಕಳಸ್ರಿ ಸಿಸ್ಟರ್. ನನ್ನಂಗ ಅಕಿಗಿ ವರ್ಷಕ್ಕೊಂದು ಬಾಣಂತನ ಬ್ಯಾಡ. ನಾ ಹೇಳೀನಂತ ಅಕಿಗಿ ಗೊತ್ತಾಗಬಾರದು.”

ಇದು ಖರೇ ಮಾತೋ, ನನ್ನ ಬಾಯಿ ಬಿಡಿಸುವ ಉಪಾಯವೋ?

“ಅಕೀನ್ನ ಕೇಳ್ರಿ,” ಎಂದೆ.

ಅವರು ಕಾರ್ಡಿನ ಖಾಲಿ ಜಾಗವನ್ನೇ ನೋಡುತ್ತ ನಿಂತರು.

“ಅಕಿ ನನ್ನ ಮುಂದ ಖರೇ ಹೇಳತಾಳೇನ್ರಿ?”