ಆಯುಧಪೂಜೆಗೆ ತೆರೆದ ವಾಲ್ವ್

"ವಾಲ್ವ್ ತೆಗ್ದೇ ಇರ್ಲಿ ಬಿಡಪ್ಪ, ನೀರು ನಿಂತ್ರೆ ರಂಗೋಲಿ ಹಾಳಾಗುತ್ತೆ." ಇಷ್ಟೇ ಮಾತು. ಇದನ್ನು ನಾನು ಕಿವಿಯಾರೆ ಕೇಳಿದೆನೋ, ಆಮೇಲೆ ಬೇರೆಯವರು ಹೇಳಿದ್ದನ್ನು ನನ್ನದೇ ನೆನಪು ಅಂದುಕೊಂಡೆನೋ, ಇವತ್ತಿಗೂ ಹೇಳಲಾರೆ. ಈ ಮಾತನ್ನು ಯಾರಾದರೂ ಆಡಿದ್ದರೇ ಇಲ್ಲವೇ ಎನ್ನುವುದರ ಮೇಲೆ ಒಬ್ಬ ಜನರೇಟರ್ ಆಪರೇಟರನ ಕೆಲಸ ನಿಂತಿತ್ತು.

ನಾನಾಗ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ತರಬೇತಿ ವಿಭಾಗದಲ್ಲಿದ್ದೆ. ಭೌತಶಾಸ್ತ್ರದ ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಬಂದವನು. "ಅದು ನಿಮಗೆ ಹೇಗೆ ಗೊತ್ತು?" ಎಂದು ಮೀಟಿಂಗಿನಲ್ಲಿ ಕೇಳುವ ಚಟ ಮಾತ್ರ ಬಿಟ್ಟಿರಲಿಲ್ಲ. ಕಟ್ಟಡಗಳ ಉಸ್ತುವಾರಿಯ ಮ್ಯಾನೇಜರ್ ನನ್ನನ್ನು 'ಅನುಮಾನಸ್ವಾಮಿಗಳು' ಎಂದೇ ಕರೆಯುತ್ತಿದ್ದರು.

ಕಂಪ್ಯೂಟರುಗಳಿಗೆ ಅರಿಶಿನ ಕುಂಕುಮ ಹಚ್ಚಬೇಡಿ ಎಂದು ನಮ್ಮಲ್ಲಿ ಪ್ರತಿ ವರ್ಷ ಮೇಲ್ ಬರುತ್ತಿತ್ತು. ಹಾಗಾಗಿ ಇಡೀ ಕಂಪನಿಯ ಆಯುಧಪೂಜೆ ಹಿತ್ತಲಿನ ಜನರೇಟರುಗಳ ಪಾಲಿಗೆ ಬರುತ್ತಿತ್ತು. ಅವುಗಳ ಪಕ್ಕದಲ್ಲೇ ಡೀಸೆಲ್ ಟ್ಯಾಂಕು. ಎಣ್ಣೆ ಸೋರಿದರೆ ಹೊರಗೆ ಹೋಗದಿರಲಿ ಎಂದು ಟ್ಯಾಂಕಿನ ಸುತ್ತ ಮೊಣಕಾಲೆತ್ತರದ ಕಟ್ಟೆ. ಒಳಗೆ ನಿಂತ ಮಳೆನೀರನ್ನು ಬಿಡುವುದಕ್ಕೆ ಕಟ್ಟೆಯ ಮೂಲೆಯಲ್ಲಿ ಬೀಗ ಹಾಕಿದ ಒಂದು ವಾಲ್ವ್. ಹಬ್ಬದ ಹಿಂದಿನ ದಿನ ಆ ವಾಲ್ವ್ ತೆಗೆದು, ಕಟ್ಟೆಯ ಒಳಗನ್ನೆಲ್ಲ ಸೋಪುಪುಡಿ ಹಾಕಿ ತೊಳೆದು, ಅಲ್ಲೇ ಟ್ಯಾಂಕಿನ ಮುಂದೆ ರಂಗೋಲಿ ಬಿಡುವುದು ವಾಡಿಕೆ. ದೊಡ್ಡ ಸಾಹೇಬರು ಬಂದು ಅಲ್ಲೇ ಬೂದುಗುಂಬಳ ಒಡೆಯುತ್ತಿದ್ದರು.

ಆ ವರ್ಷ ಪೂಜೆಯ ಬೆಳಿಗ್ಗೆಯೇ ಹನಿಯುತ್ತಿತ್ತು. ಕುಂಬಳಕಾಯಿ ಒಡೆದದ್ದಾಯಿತು, ಪುರಿ, ಕಡಲೆ ಹಂಚಿದ್ದಾಯಿತು, ಎಲ್ಲರೂ ರಜೆಯ ಮೇಲೆ ಹೊರಟೆವು. ರಜೆಯಲ್ಲಿ ಟ್ಯಾಂಕಿನ ಪೈಪಿನ ಒಂದು ಜಾಯಿಂಟು ಸೋರಿತು. ಡೀಸೆಲ್ ಕಟ್ಟೆಯೊಳಗೆ ನಿಲ್ಲಲಿಲ್ಲ. ತೆರೆದ ವಾಲ್ವಿನಿಂದ ಚರಂಡಿಗೆ, ಚರಂಡಿಯಿಂದ ಕೆರೆಗೆ ಹೋಯಿತು.

ನನಗೆ ಮೊದಲು ಸುದ್ದಿ ಕೊಟ್ಟವರು ಹೆಬ್ಬಗೋಡಿಯ ನಮ್ಮ ಮನೆ ಓನರು. ಕೆರೆಯ ಪಕ್ಕದ ಹೊಲವೆಲ್ಲ ಒಂದು ಕಾಲಕ್ಕೆ ಅವರ ಮನೆತನದ್ದೇ. ಮೆಟ್ಟಿಲ ಮೇಲೆ ಸಿಕ್ಕಿ, "ಏನ್ ಸಾಮಿ, ನಿಮ್ ಕಂಪ್ನಿಯೋರು ಈ ಸಲ ಕೆರೆಗೂ ಪೂಜೆ ಮಾಡ್ಬುಟ್ರಾ? ನೀರ್ ಮ್ಯಾಲೆ ಬಣ್ಣ ಬಣ್ಣವಾಗಿ ಓಡಾಡ್ತೈತೆ. ಎಮ್ಮೆಗಳು ಮೂಸಿ ಇಂದಕ್ ಬತ್ತಾವೆ," ಎಂದರು.

ರಜೆ ಮುಗಿಸಿ ಹೋಗುವ ಹೊತ್ತಿಗೆ ಕಂಪನಿಯ ಹೇಳಿಕೆ ಸಿದ್ಧವಾಗಿತ್ತು: ನಿರ್ವಹಣೆಯ ಗುತ್ತಿಗೆದಾರರ ನಿರ್ಲಕ್ಷ್ಯ. ನನಗೆ ಮೊದಲ ಅನುಮಾನ ಬಂದದ್ದು ಆ ಅವಸರದ ಮೇಲೆ. ಕಾರಣ ಹುಡುಕುವ ಮೊದಲೇ ಹೊಣೆ ಯಾರದೆಂದು ಗೊತ್ತಾದದ್ದು ಹೇಗೆ? ಹೊರಗಿನವರನ್ನು ಕರೆತಂದು ತೋರಿಸುವಾಗ ಆ ಟ್ಯಾಂಕು, ಆ ಕಟ್ಟೆ ಎಲ್ಲ 'ನಮ್ಮ ಸುರಕ್ಷತಾ ವ್ಯವಸ್ಥೆ' ಆಗಿತ್ತು. ಈಗ ಅದು ಗುತ್ತಿಗೆದಾರರ ಸುಪರ್ದಿನ ಜಾಗವಾಯಿತು. ಗುತ್ತಿಗೆದಾರನೂ ತಡಮಾಡಲಿಲ್ಲ, ತನ್ನ ಕೆಲಸದವನಾದ ಆಪರೇಟರನ ಕಡೆ ಬೆರಳು ತೋರಿಸಿದ. ಆಪರೇಟರನಿಗೆ ತೋರಿಸಲು ಯಾರೂ ಇರಲಿಲ್ಲ. ಅವನು ನನ್ನನ್ನು ಹುಡುಕಿಕೊಂಡು ಬಂದ.

ಗೇಟಿನಾಚೆಯ ಟೀ ಅಂಗಡಿಯಲ್ಲಿ ನಿಂತು, "ಸಾರ್, ಪೂಜೆ ದಿನ ನೀವು ಅಲ್ಲೇ ಇದ್ರಿ. ಬಾಳೆಕಂದು ಹಿಡ್ಕೊಂಡಿದ್ರಿ. ಸಾಹೇಬ್ರು ತೆಗ್ದೇ ಇರ್ಲಿ ಅಂದಿದ್ದು ಕೇಳಿಸ್ಕೊಂಡ್ರಿ ತಾನೆ?" ಎಂದ. ಸಾಹೇಬರೆಂದರೆ ಉಸ್ತುವಾರಿಯ ಮ್ಯಾನೇಜರ್.

"ಕೇಳಿಸ್ಕೊಂಡೆ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ ಹೆಂಗ್ ಸಾರ್? ನನ್ ಕೆಲ್ಸ ಹೋಗುತ್ತೆ. ಅದ್ರಲ್ಲಿ ಅನ್ಸೋದೇನಿಲ್ಲ."

ಅವನು ಹೋದ ಮೇಲೆ ಕಣ್ಣಮುಂದೆ ಬಾಳೆಕಂದು ಹಿಡಿದು ನಿಂತ ನಾನು ಕಾಣತೊಡಗಿದೆ. ಅವನು ಹೇಳುವ ಮೊದಲು ನನ್ನ ನೆನಪಿನಲ್ಲಿ ಬಾಳೆಕಂದು ಇತ್ತೇ? ಇರಲಿಲ್ಲ ಎಂದೇ ಈಗ ತೋರುತ್ತದೆ. ಅದು ಅವನು ಕೊಟ್ಟದ್ದಾದರೆ, ಆ ಮಾತೂ ಅವನು ಕೊಟ್ಟದ್ದೇ ಇರಬಹುದಲ್ಲ? ವಾಲ್ವ್ ಮುಚ್ಚಲು ಮರೆತವನು ಸಾಕ್ಷಿಯನ್ನು ತಾನೇ ತಯಾರು ಮಾಡುತ್ತಿದ್ದಾನೆಯೇ ಎಂದೂ ಯೋಚಿಸಿದೆ.

ಮಾರನೆಯ ದಿನ ಮ್ಯಾನೇಜರ್ ನನಗೆ ಕ್ಯಾಂಟೀನಿನಲ್ಲಿ ಕಾಫಿ ಕೊಡಿಸಿದರು. ಅದಕ್ಕೆ ಮುಂಚೆ ಎಂದೂ ಕೊಡಿಸಿದವರಲ್ಲ.

"ಏನ್ ಅನುಮಾನಸ್ವಾಮಿಗಳೇ, ಎನ್‌ಕ್ವೈರಿಗೆ ನಿಮ್ಮನ್ನೂ ಕರೆದಿದಾರಂತೆ? ಆವತ್ತು ಜನರೇಟರ್ ಟ್ರಯಲ್ ಓಡ್ತಿತ್ತು ನೋಡಿ. ಪಕ್ಕದಲ್ಲಿ ನಿಂತೋರ ಮಾತೇ ಕೇಳಿಸ್ತಿರ್ಲಿಲ್ಲ. ಅಲ್ವೇನ್ರೀ?"

ಕಾಫಿ ಮುಗಿಯುವಷ್ಟರಲ್ಲಿ ನನ್ನ ನೆನಪಿನಲ್ಲಿ ಜನರೇಟರ್ ಶುರುವಾಗಿತ್ತು.

ವಿಚಾರಣೆಗೆ ಬಂದವರು ಮುಖ್ಯ ಕಚೇರಿಯ ಒಬ್ಬ ಮಹಿಳಾ ಅಧಿಕಾರಿ. ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಬೆಳೆದವರಂತೆ. ಮಾತು ಮೃದು. ಕಂಪನಿಯೇ ಕಳಿಸಿದವರಿಂದ ಕಂಪನಿಯ ತಪ್ಪು ಹೊರಬಂದೀತೇ ಎಂದುಕೊಂಡೇ ಕುಳಿತೆ. ಮೇಜಿನ ಒಂದು ಕಡೆ ಮ್ಯಾನೇಜರ್, ಇನ್ನೊಂದು ಕಡೆ ಆಪರೇಟರ್. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಆ ಮಾತು ಕೇಳಿದ ಹಾಗೆ ನೆನಪಿದೆ ಮೇಡಂ," ಎಂದೆ. "ಆದ್ರೆ ನನ್ನ ನೆನಪನ್ನ ನಾನೇ ನಂಬಲ್ಲ. ಅದನ್ನ ಪಕ್ಕಕ್ಕಿಡಿ. ಆ ವಾಲ್ವಿಗೆ ಬೀಗ ಇದೆ. ಕೀ ಇರೋದು ಮ್ಯಾನೇಜರ ಆಫೀಸಲ್ಲಿ. ಅಲ್ಲಿಂದ ಯಾರಾದ್ರೂ ಕೊಡದೆ ಆಪರೇಟರ್ ಅದನ್ನ ತೆಗೆಯೋಕಾಗಲ್ಲ. ವಾಪಸ್ ಬಂತಾ ಅಂತ ಕೇಳ್ಬೇಕಾದವರೂ ಅಲ್ಲಿನವರೇ."

ಅವರು ಮ್ಯಾನೇಜರ ಕಡೆ ತಿರುಗಿದರು. "ರಜೆಗೆ ಹೋಗೋ ಮುಂಚೆ ಕೀ ವಾಪಸ್ ಬಂತಾ?"

"ಹಬ್ಬ ಅಲ್ವಾ ಮೇಡಂ... ಎಲ್ರೂ ಅವಸರದಲ್ಲಿದ್ರು."

"ಬಂತಾ ಇಲ್ವಾ?"

"ಬಂದಿರ್ಲಿಲ್ಲ."

"ನೀವು ಕೇಳಿದ್ರಾ?"

ಮ್ಯಾನೇಜರ್ ಮುಂದಿದ್ದ ಫೈಲನ್ನು ತಿರುವತೊಡಗಿದರು. ಆಪರೇಟರ್ ತಲೆ ತಗ್ಗಿಸಿಕೊಂಡೇ ಉಸಿರು ಬಿಟ್ಟ.

ಅವನ ಕೆಲಸ ಉಳಿಯಿತು. ಆಮೇಲೆ ಬಂದ ಸುತ್ತೋಲೆಯಲ್ಲಿ ತಪ್ಪು ಯಾರದೂ ಆಗಿರಲಿಲ್ಲ. 'ಸಂವಹನದ ಕೊರತೆ' ಎಂದಿತ್ತು. ಕೆರೆಯ ಮೇಲಿನ ಜಿಡ್ಡನ್ನು ಕಂಪನಿ ತೆಗೆಸಿತು. ಆ ಕೆಲಸಕ್ಕೂ ಒಬ್ಬ ಗುತ್ತಿಗೆದಾರ ಬಂದ. ವಿಚಾರಣೆಯಿಂದ ಕಲಿತ ಪಾಠವೆಂದು ಸುತ್ತೋಲೆಯ ಕೊನೆಗೆ ಒಂದು ಸಾಲು ಸೇರಿಸಿದ್ದರು: ವಾಲ್ವಿನ ಕೀ ಇನ್ನು ಮುಂದೆ ಗುತ್ತಿಗೆದಾರರ ಬಳಿಯೇ ಇರತಕ್ಕದ್ದು.

ಅದನ್ನು ಮತ್ತೆ ಮತ್ತೆ ಓದಿದೆ. ಕೀ ಇರುವುದು ಮ್ಯಾನೇಜರ ಆಫೀಸಿನಲ್ಲಿ ಎಂಬುದೇ ಆಪರೇಟರನ ಪರವಾಗಿ ನಾನು ಹೇಳಿದ ಒಂದೇ ಒಂದು ಗಟ್ಟಿಯಾದ ಮಾತಾಗಿತ್ತು. ಅದನ್ನೇ ಎತ್ತಿಕೊಂಡು ಹೋಗಿ ಅವನ ಕೊರಳಿಗೆ ಕಟ್ಟಿದ್ದರು. ಆ ಮೃದು ಮಾತಿನ ಅಧಿಕಾರಿ ಬಂದದ್ದೇ ಇಂಥದೊಂದು ಮಾತನ್ನು ಹುಡುಕಿಕೊಂಡೋ ಏನೋ.

ಕೆಲವು ದಿನಗಳ ಮೇಲೆ ಅದೇ ಟೀ ಅಂಗಡಿಯಲ್ಲಿ ಆಪರೇಟರ್ ಸಿಕ್ಕ. ಅಂಗಿಯ ಜೇಬಿನಿಂದ ಕೀ ತೆಗೆದು ತೋರಿಸಿದ.

"ನೋಡಿ ಸಾರ್, ಸೈನ್ ಹಾಕಿಸ್ಕೊಂಡು ಕೊಟ್ಟವ್ರೆ. ಇನ್ಮೇಲೆ ನಿಮ್ಗೆ ತೊಂದ್ರೆ ಇಲ್ಲ, ಏನ್ ಕೇಳಿಸ್ತು ಅಂತ ಯಾರೂ ಕರೆಯಲ್ಲ."

ಅವನು ನಕ್ಕ. ನನಗೆ ನಗು ಬರಲಿಲ್ಲ.

"ಕೊಡೋವಾಗ ಮ್ಯಾನೇಜರ್ ಏನಾದ್ರೂ ಹೇಳಿದ್ರಾ?"

"ಹೇಳಿದ್ರು ಸಾರ್. ಜೋಪಾನ ಕಣಪ್ಪ ಅಂದ್ರು."