ಅತ್ತೆಯ ಜತೆ ಹತ್ತು ಗಂಟೆಯ ರೊಟ್ಟಿ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಆ ಸಲ ಕೋವಿ ಪೂಜೆಯ ಕೈಲ್ ಮುಹೂರ್ತದ ಹಬ್ಬಕ್ಕೆ ನಾನು ಮನೆಯಲ್ಲಿರಲಿಲ್ಲ, ಮೈಸೂರಿನ ಆಸ್ಪತ್ರೆಯ ಮಂಚದ ಮೇಲಿದ್ದೆ. ಹೊಟ್ಟೆಯ ಆಪರೇಷನ್ ಆಗಿತ್ತು. ಮುಕ್ಕಾಲು ಪಾಲು ಹೊಟ್ಟೆಯನ್ನೇ ಕತ್ತರಿಸಿ ತೆಗೆದಿದ್ದಾರೆ ಎಂದು ನನ್ನ ಗಂಡ ಹೇಳಿದಾಗ ನನಗೆ ನಂಬಿಕೆಯಾಗಲಿಲ್ಲ. ಹೊದಿಕೆ ಸರಿಸಿ ನೋಡಿಕೊಂಡೆ. ಪಟ್ಟಿಯ ಕೆಳಗೆ ನನ್ನ ದಪ್ಪ ಹೊಟ್ಟೆ ಹಾಗೆಯೇ ಇತ್ತು. ಇವರು ತೆಗೆದದ್ದು ಯಾವುದನ್ನು ಎಂದು ಬಹಳ ಹೊತ್ತು ಯೋಚಿಸಿದೆ.

ನಾನು ಮೊದಲಿನಿಂದಲೂ ಮೈಕೈ ತುಂಬಿಕೊಂಡ ಹೆಂಗಸು. ನಾಪೋಕ್ಲಿನ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದಮೇಲೆ ಇನ್ನಷ್ಟು ದಪ್ಪಗಾದೆ. ಅದಕ್ಕೆ ಕಾರಣ ಹೊಟ್ಟೆನೋವು. ಬರಿಹೊಟ್ಟೆಯಲ್ಲಿದ್ದರೆ ಎದೆಗೂಡಿನ ಕೆಳಗೆ ಕೆಂಡ ಇಟ್ಟ ಹಾಗೆ ಉರಿಯುತ್ತಿತ್ತು, ಏನಾದರೂ ತಿಂದರೆ ಇಳಿಯುತ್ತಿತ್ತು. ಹಾಗಾಗಿ ಕೈಗೆ ಸಿಕ್ಕಿದ್ದನ್ನು ತಿನ್ನುತ್ತಿದ್ದೆ. ಮಿಕ್ಕ ಕಡುಬು, ಬಾಳೆಹಣ್ಣು, ತಣ್ಣಗಾದ ಗಂಜಿ. ನೋವಿದೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಇಷ್ಟು ಚೆನ್ನಾಗಿ ಉಣ್ಣುವವಳಿಗೆ ಎಂಥ ಹೊಟ್ಟೆನೋವು ಎಂದು ನನ್ನ ಓರಗಿತ್ತಿ, ಎಂದರೆ ಗಂಡನ ಅಣ್ಣನ ಹೆಂಡತಿ, ನಗುತ್ತಿದ್ದಳು. ಅವಳು ಕೆಟ್ಟವಳಲ್ಲ. ನನಗೇ ಆ ಮಾತು ಸರಿ ಎನಿಸುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ದನದ ಹಟ್ಟಿಯ ಬಾಗಿಲಲ್ಲಿ ರಕ್ತ ವಾಂತಿಯಾಗಿ ಬಿದ್ದೆ. ಪಕ್ಕದ ಎಸ್ಟೇಟಿನ ಜೀಪಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋದರು.

ಮನೆಗೆ ಕಳಿಸುವ ದಿನ ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದರು. ಆದರೆ ನನಗಲ್ಲ, ನನ್ನ ಗಂಡನಿಗೆ. ಚೀಲ ಇದ್ದ ಜಾಗದಲ್ಲಿ ಈಗ ಒಂದು ಸಣ್ಣ ಬಟ್ಟಲು ಇದೆ ಎಂದು ತಿಳಿದುಕೊಳ್ಳಿ, ಒಂದು ಸಲಕ್ಕೆ ಸ್ವಲ್ಪವೇ ತಿನ್ನಬೇಕು, ಆದರೆ ಎರಡು ಮೂರು ಗಂಟೆಗೊಮ್ಮೆ ತಿನ್ನುತ್ತಿರಬೇಕು, ಊಟದ ಜತೆ ನೀರು ಕುಡಿಯಬಾರದು. ನಾನು ಸ್ವಲ್ಪ ದೂರದಲ್ಲಿ ನಿಂತು ಸೆರಗಿನ ತುದಿ ಸುತ್ತುತ್ತ ಕಿವಿಗೆ ಬಿದ್ದಷ್ಟನ್ನು ಕೇಳಿಸಿಕೊಂಡೆ.

ಮನೆಗೆ ಬಂದು ನನ್ನ ಗಂಡ ಅತ್ತೆಗೆ ಹೇಳಿದ್ದು ಅರ್ಧ ಮಾತ್ರ. ಇವಳು ಇನ್ನುಮುಂದೆ ಸ್ವಲ್ಪವೇ ತಿನ್ನಬೇಕಂತೆ ಎಂದರು. ಆಗಾಗ ಎಂಬುದನ್ನು ಬಿಟ್ಟರು. ಮರೆತರೋ, ಹೆಂಡತಿ ಗಂಡಸರಿಗಿಂತ ಮೊದಲೇ ಉಣ್ಣಬೇಕು ಎಂದು ಹೇಳಲು ನಾಚಿಕೆಯಾಯಿತೋ ನನಗೆ ಇವತ್ತಿಗೂ ತಿಳಿಯದು. ನಾನಾದರೂ ಹೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಮಾವ, ಭಾವ, ನನ್ನ ಗಂಡ, ಕೆಲಸಕ್ಕೆ ಬಂದವರು ಎಲ್ಲರೂ ಉಂಡು ಎದ್ದಮೇಲೆ ನಾವು ಮೂವರು ಹೆಂಗಸರು ಒಲೆಯ ಬಳಿ ಕೂರುತ್ತಿದ್ದೆವು. ಅತ್ತೆ ಆ ಮನೆಗೆ ಬಂದಾಗಿನಿಂದ ಹಾಗೇ ಉಂಡವರು. ನನಗೆ ಎಲ್ಲರಿಗಿಂತ ಮೊದಲೇ ಬೇಕು, ಆಮೇಲೆ ಇನ್ನೊಮ್ಮೆ ಬೇಕು, ಮತ್ತೂ ಬೇಕು ಎಂದು ಯಾವ ಬಾಯಲ್ಲಿ ಕೇಳುವುದು?

ಆ ದಿನಗಳಲ್ಲಿ ನನ್ನ ದೇಹ ನನಗೆ ಅರ್ಥವೇ ಆಗುತ್ತಿರಲಿಲ್ಲ. ಮೊದಲು ಹೊಟ್ಟೆ ಉರಿದರೆ ಹಸಿವು ಎಂದುಕೊಳ್ಳುತ್ತಿದ್ದೆ. ಈಗ ಉರಿ ಇಲ್ಲ, ಚುರುಕ್ ಎನ್ನುವುದೂ ಇಲ್ಲ. ಅದರ ಬದಲು ಬೆಳಗಿನ ಕೆಲಸದ ನಡುವೆ ಕೈ ನಡುಗುತ್ತಿತ್ತು, ಕಣ್ಣಿನ ಮುಂದೆ ಸಣ್ಣ ಸಣ್ಣ ಬೆಳಕು ಹಾರುತ್ತಿತ್ತು. ಇದು ಹಸಿವೋ, ಸುಸ್ತೋ, ಸಾವು ಹತ್ತಿರ ಬಂದಿದೆಯೋ ಎಂದು ನಿಂತಲ್ಲೇ ನಿಲ್ಲುತ್ತಿದ್ದೆ. ಮಧ್ಯಾಹ್ನ ತಟ್ಟೆ ಮುಂದೆ ಕೂತರೆ ನಾಲ್ಕು ತುತ್ತಿಗೆ ಗಂಟಲವರೆಗೆ ತುಂಬಿಕೊಂಡ ಹಾಗಾಗುತ್ತಿತ್ತು. ಅತ್ತೆ ಬಡಿಸಿದ ಅನ್ನ ತಟ್ಟೆಯಲ್ಲೇ ಉಳಿಯುತ್ತಿತ್ತು. ಕಣ್ಣಿಗೆ ಮಾತ್ರ ಎಲ್ಲವೂ ಬೇಕೆನಿಸುತ್ತಿತ್ತು.

ಹೀಗೇ ಒಂದು ಬೆಳಿಗ್ಗೆ ಕೈ ನಡುಗಿದಾಗ ತಡೆಯಲಾಗದೆ ಒಂದು ಅಕ್ಕಿರೊಟ್ಟಿ ಸೆರಗಿನೊಳಗೆ ಇಟ್ಟುಕೊಂಡು ಭತ್ತದ ಕೋಣೆಗೆ ಹೋದೆ. ಭತ್ತ ತುಂಬುವ ಮರದ ಪತ್ತಾಯದ ಹಿಂದೆ ಕತ್ತಲಲ್ಲಿ ನಿಂತು ತಿಂದೆ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಮಾರನೆಯ ದಿನವೂ ಹೋದೆ. ಅದೇ ಅಭ್ಯಾಸವಾಯಿತು. ಸುಮಾರು ದಿನ ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ಓರಗಿತ್ತಿ ಮೊರ ಹುಡುಕುತ್ತ ಬಂದವಳು ನನ್ನನ್ನು ನೋಡಿ ಮೊರವನ್ನೂ ಬಿಟ್ಟು ಅತ್ತೆಯ ಬಳಿಗೆ ಹೋದಳು. ಆ ಮಧ್ಯಾಹ್ನ ನಾನು ಎಂದಿನಂತೆ ಅನ್ನ ಬಿಟ್ಟು ಏಳುವಾಗ ಅತ್ತೆ ಕೇಳಿದರು:

"ನಾ ಬಡ್ಸಿದ್ ಬೊತ್ತು ಅಂತ ತಟ್ಟೇಲಿ ಬಿಡ್ತಿಯ. ಕದ್ದ್ ತಿಂಬದ್ ಎಂಥಕೆ?"

ನಮ್ಮ ಅರೆಭಾಷೆಯಲ್ಲಿ ಬೊತ್ತು ಎಂದರೆ ಬೇಡ. ಅತ್ತೆ ಜೋರಾಗಿ ಹೇಳಲಿಲ್ಲ. ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು. ಡಾಕ್ಟರು ಹೇಳಿದ್ದಾರೆ ಎಂದರೆ ಗಂಡನ ಮಾತು ಸುಳ್ಳು ಎಂದ ಹಾಗಾಗುತ್ತದೆ. ಹಸಿವಾಗಿತ್ತು ಎನ್ನೋಣವೆಂದರೆ ಅದು ಹಸಿವೇ ಎಂದು ನನಗೇ ಖಾತ್ರಿಯಿಲ್ಲ. ಸುಮ್ಮನೆ ಕಣ್ಣೀರು ಹಾಕಿದೆ. ಅಂದಿನಿಂದ ಅವರು ನನಗೆ ಬಡಿಸುವುದನ್ನು ಬಿಟ್ಟರು. ಅನ್ನದ ಪಾತ್ರೆಯನ್ನು ನನ್ನ ಕಡೆಗೆ ಸರಿಸಿ ಬೇರೆ ಕಡೆ ನೋಡುತ್ತಿದ್ದರು.

ಅಷ್ಟರಲ್ಲಿ ನಾನು ಇಳಿಯುತ್ತ ಬಂದೆ. ಬಳೆಗಳು ಮೊಣಕೈವರೆಗೆ ಏರುತ್ತಿದ್ದವು. ನಮ್ಮ ಕಡೆ ಸೀರೆಯ ನೆರಿಗೆಯನ್ನು ಹಿಂದಕ್ಕೆ ಇಟ್ಟು ಉಡುತ್ತೇವೆ. ಸೊಂಟ ಸಣ್ಣದಾದಂತೆ ನೆರಿಗೆ ಹೆಚ್ಚಾಗಿ, ಬೆನ್ನ ಹಿಂದೆ ಒಂದು ಗಂಟು ಹೊತ್ತ ಹಾಗೆ ಕಾಣುತ್ತಿತ್ತು. ರವಿಕೆಗಳಂತೂ ಬೇರೆ ಯಾರದೋ ಎನ್ನುವ ಹಾಗೆ ಜೋಲುತ್ತಿದ್ದವು. ಹುತ್ತರಿ ಹಬ್ಬ ಹತ್ತಿರ ಬಂದಾಗ ನನ್ನ ಗಂಡ ರವಿಕೆ ಬಟ್ಟೆ ತರೋಣವೆಂದು ವಿರಾಜಪೇಟೆಗೆ ಕರೆದುಕೊಂಡು ಹೋದರು. ಅವರು ಕರಿಮೆಣಸಿನ ಮಂಡಿಗೆ ಹೋದರು, ನಾನು ಯಾವಾಗಲೂ ಹೋಗುವ ಬಟ್ಟೆ ಅಂಗಡಿಗೆ ಹೋದೆ. ಅಂಗಡಿಯವರು ಮಲಯಾಳಿ ಮುದುಕರು, ನನ್ನನ್ನು ಮದುವೆಯಾದಾಗಿನಿಂದ ಬಲ್ಲವರು. ನನ್ನ ಮುಖವನ್ನು ಒಂದಿಷ್ಟು ಹೊತ್ತು ನೋಡಿ ಕೇಳಿದರು:

"ಚೇಚಿ ಬರ್ಲಿಲ್ವಾ? ನಿಮ್ಮ ದೊಡ್ಡ ಅಕ್ಕ. ಅವರಿಗೆ ಬಟ್ಟೆ ಸ್ವಲ್ಪ ಹೆಚ್ಚೇ ಬೇಕು, ನಾನು ಬೇರೆ ತೆಗೆದಿಟ್ಟಿದ್ದೇನೆ."

ನನಗೆ ಅಕ್ಕ ಇಲ್ಲ. ಅವರು ಕೇಳುತ್ತಿದ್ದುದು ನನ್ನನ್ನೇ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ನಾನೇ ಅವಳು ಎನ್ನಬಹುದಿತ್ತು. ಆದರೆ ಬಾಯಿಗೆ ಬಂದದ್ದು, "ಅವಳಿಗೆ ಹುಷಾರಿಲ್ಲ." ಪಾಪ, ನಗುನಗುತ್ತ ಮಾತಾಡುವ ಹೆಂಗಸು, ದೇವರು ಗುಣ ಮಾಡಲಿ ಎಂದರು ಅವರು. ಬಟ್ಟೆ ಅಳೆಯುವಾಗ ನಾನು ತಲೆ ತಗ್ಗಿಸಿ ನಿಂತಿದ್ದೆ. ಬಸ್ಸಿನಲ್ಲಿ ಬರುತ್ತ ಆ ದಪ್ಪ ಹೆಂಗಸಿನ ನೆನಪಾಗಿ ದುಃಖ ಉಕ್ಕಿ ಬಂತು. ಅವಳು ನೋವು ತಿನ್ನುತ್ತಿದ್ದಳು, ನಿಜ. ಆದರೂ ಎಲ್ಲರಿಗೂ ಗುರುತಿದ್ದವಳು ಅವಳೇ. ಏಕೆ ಅಳುತ್ತೀ ಎಂದು ಗಂಡ ಕೇಳಿದರು. ಗೊತ್ತಿಲ್ಲ ಎಂದೆ.

ಹುತ್ತರಿ ಬಂತು. ಗದ್ದೆಯಿಂದ ಕದಿರು ತಂದ ಸಂಜೆ ಹೊಸ ಅಕ್ಕಿಯ ಪಾಯಸವನ್ನು ನಾಲಿಗೆಗೆ ಮುಟ್ಟಿಸಿಕೊಂಡೆ ಅಷ್ಟೆ. ಏನೂ ಆಗಲಿಲ್ಲ. ಮಾರನೆಯ ದಿನ ನೆಂಟರೆಲ್ಲ ಸೇರಿದ್ದರು. ಆ ಮಧ್ಯಾಹ್ನ ಅತ್ತೆ ಬಹಳ ದಿನಗಳ ನಂತರ ತಮ್ಮ ಕೈಯಾರೆ ನನ್ನ ಎಲೆಗೆ ಬಡಿಸಿದರು. ಬೆಲ್ಲದ ಪಾಯಸ, ಅದರ ಪಕ್ಕದಲ್ಲಿ ಬಾಳೆಹಣ್ಣು ಹಾಕಿ ಕಲಸಿದ ತಂಬಿಟ್ಟು, ಮೇಲೆ ತುಪ್ಪ. ಅವರು ಬಡಿಸಿದರಲ್ಲ ಎಂಬ ಸಂತೋಷಕ್ಕೆ ಒಂದಗುಳೂ ಬಿಡದೆ ಉಂಡೆ. ಅವರು ನೋಡಿದರು, ಮುಖ ಸಡಿಲವಾಯಿತು.

ಅಂಗಳದಲ್ಲಿ ಗಂಡಸರು ದುಡಿ ಬಾರಿಸುತ್ತ ಹಾಡು ಶುರು ಮಾಡಿದ್ದರು. ನೋಡಲು ಜಗಲಿಗೆ ಬಂದು ನಿಂತೆ. ಎದೆ ಹೊಡೆದುಕೊಳ್ಳತೊಡಗಿತು, ದುಡಿಯ ಸದ್ದು ನನ್ನೊಳಗೇ ಬರುತ್ತಿದೆಯೋ ಎನ್ನುವ ಹಾಗೆ. ಮೈಯೆಲ್ಲ ಬೆವರಿ ರವಿಕೆ ಒದ್ದೆಯಾಯಿತು. ಹೊಟ್ಟೆ ತಿರುಚಿತು. ಕಂಬ ಹಿಡಿಯಲು ಕೈ ಚಾಚಿದ್ದು ನೆನಪಿದೆ. ಕಣ್ಣು ಬಿಟ್ಟಾಗ ಒಳಕೋಣೆಯ ಚಾಪೆಯ ಮೇಲಿದ್ದೆ. ಸುತ್ತ ಹೆಂಗಸರು. ಹೊಸ ಅಕ್ಕಿ ಇವಳಿಗೆ ಸೇರಲಿಲ್ಲ, ಗುರುಕಾರಣರು ಮುನಿದಿದ್ದಾರೆ ಎಂದು ಯಾರೋ ಹೇಳುತ್ತಿದ್ದರು. ಮನೆತನದ ತೀರಿಹೋದ ಹಿರಿಯರೇ ಗುರುಕಾರಣರು; ಅವರಿಗೆ ಮಾವ ಆಗಲೇ ಹರಕೆ ಹೇಳಿಕೊಂಡಿದ್ದರಂತೆ. ನಾನೂ ಹೆದರಿದೆ. ಪತ್ತಾಯದ ಹಿಂದೆ ನಿಂತು ತಿಂದದ್ದಕ್ಕೆ ಹೀಗಾಯಿತೇ ಎಂದೂ ಅನಿಸಿತು. ಒಂದು ಗಳಿಗೆ ಮಲಗಿದ ಮೇಲೆ ಏನೂ ಆಗಿಲ್ಲದ ಹಾಗೆ ಎಲ್ಲವೂ ಇಳಿದುಹೋಯಿತು. ಅದು ನನ್ನನ್ನು ಇನ್ನೂ ಗೊಂದಲಕ್ಕೆ ತಳ್ಳಿತು.

ಎರಡು ದಿನ ಬಿಟ್ಟು ಮನೆಯಲ್ಲಿ ಹಂದಿ ಮಾಂಸ ಮಾಡಿದರು. ಅದನ್ನು ಮುಟ್ಟಬೇಡ ಎಂದು ಓರಗಿತ್ತಿ, ಸ್ವಲ್ಪ ತಿನ್ನಲಿ ಎಂದು ಗಂಡ. ಹೆದರಿ ಹೆದರಿ ಒಂದು ಕಡುಬಿನ ಜತೆ ನಾಲ್ಕು ತುಂಡು ತಿಂದೆ. ಜಗಲಿಯಲ್ಲಿ ಕೂತು ಎದೆಯ ಮೇಲೆ ಕೈಯಿಟ್ಟು ಕಾದೆ. ಏನೂ ಆಗಲಿಲ್ಲ. ಸಂಜೆಯವರೆಗೂ ಕೈ ನಡುಗಲಿಲ್ಲ. ದೇವರ ಪಾಯಸ ಆಗದ ಹೊಟ್ಟೆಗೆ ಹಂದಿ ಆಗುತ್ತದೆ ಎಂದರೆ ಏನು ತಿಳಿಯಬೇಕು? ಮಾವ ಹರಕೆಯ ವಿಷಯ ಎತ್ತಲಿಲ್ಲ. ನೆಂಟರ ಹೆಂಗಸೊಬ್ಬಳು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು.

ಅತ್ತೆ ನಗಲಿಲ್ಲ. ಅಂದು ಸಂಜೆ ಮಗನನ್ನು ಅಡುಗೆಮನೆಗೆ ಕರೆದು ಕೂರಿಸಿದರು. ನಾನು ಒಲೆಗೆ ಸೌದೆ ಒಡ್ಡುತ್ತಿದ್ದೆ. ಡಾಕ್ಟರು ಹೇಳಿದ್ದನ್ನು ಮೊದಲಿನಿಂದ ಹೇಳು, ಒಂದೂ ಬಿಡಬೇಡ ಎಂದರು. ನನ್ನ ಗಂಡ ತಡವರಿಸುತ್ತ ಹೇಳಿದರು. ಬಟ್ಟಲಿನ ವಿಷಯ, ನೀರಿನ ವಿಷಯ, ಕೊನೆಗೆ ಎರಡು ಮೂರು ಗಂಟೆಗೊಮ್ಮೆ ಎಂಬ ಮಾತು. ಸಿಹಿ ಕಡಿಮೆ ಎಂದೂ ಹೇಳಿದ್ದರಂತೆ. ಅದನ್ನು ನಾನೂ ಆಗಲೇ ಮೊದಲ ಸಲ ಕೇಳಿದ್ದು. ಅತ್ತೆ ನನ್ನ ಕಡೆ ತಿರುಗಿ, "ಇಷ್ಟ್ ದಿನ ಹೇಳಕೆ ನಿಂಗೆ ಬಾಯಿ ಇಲ್ಲೆನಾ, ಗೂಡೆ?" ಎಂದರು. ಗೂಡೆ ಎಂದರೆ ಹುಡುಗಿ. ಆಪರೇಷನ್ ಆದಮೇಲೆ ಅವರು ಹಾಗೆ ಕರೆದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ಗಂಡಸರು ತೋಟದಲ್ಲಿದ್ದರು. ಅತ್ತೆ ಕಾವಲಿಯಿಂದ ಬಿಸಿ ರೊಟ್ಟಿ ತೆಗೆದು, ಮೇಲೆ ಒಂದು ಬೇಯಿಸಿದ ಮೊಟ್ಟೆ ಇಟ್ಟು ನನ್ನ ಮುಂದೆ ಇಟ್ಟರು. ನಾನು ಬಾಗಿಲ ಕಡೆ ನೋಡಿದೆ, ತಟ್ಟೆ ನೋಡಿದೆ. ಕೈ ಹೋಗಲಿಲ್ಲ. ಕತ್ತಲಲ್ಲಿ ನಿಂತು ತಿಂದು ಅಭ್ಯಾಸವಾಗಿದ್ದವಳಿಗೆ ಬೆಳಕಿನಲ್ಲಿ ಒಬ್ಬಳೇ ಕೂತು ತಿನ್ನಲು ಆಗುತ್ತಿರಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಕಾದರು. ಆಮೇಲೆ ನನ್ನ ಎದುರಿಗೆ ಮಣೆ ಎಳೆದುಕೊಂಡು ಕೂತರು.

"ಒಬ್ಬಳೇ ತಿಂಬಕೆ ನಾಚಿಕೆ ತಾನೆ? ಹಂಗಾದ್ರೆ ನಂಗೂ ಒಂದು ಹಾಕ್."

ನಾನು ಎದ್ದು ಅವರಿಗೆ ರೊಟ್ಟಿ ಬಡಿಸಿದೆ. ಇಬ್ಬರೂ ತಿಂದೆವು. ಅವರು ಮುರಿದು, ಊದಿ, ನಿಧಾನವಾಗಿ ಅಗಿಯುತ್ತಿದ್ದರು. ಕಾವಲಿಯಿಂದ ಇಳಿದ ಕೂಡಲೇ ತಿಂದರೆ ಇದು ಇಷ್ಟು ಮೆತ್ತಗಿರುತ್ತದೆ ಎಂದು ಗೊತ್ತಿರಲಿಲ್ಲ ಎಂದರು. ಆ ಮನೆಯಲ್ಲಿ ದಿನವೂ ರೊಟ್ಟಿ ತಟ್ಟಿದವರು ಹೀಗೆನ್ನುವುದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹಾಗೆ ಶುರುವಾದದ್ದು ನಡೆಯುತ್ತಲೇ ಹೋಯಿತು. ಹತ್ತು ಗಂಟೆಗೆ ರೊಟ್ಟಿ, ಮಧ್ಯಾಹ್ನ ಒಂದು ಹಿಡಿ ಅನ್ನ, ನಾಲ್ಕು ಗಂಟೆಗೆ ಒಂದು ನೂಪುಟ್ಟು, ಎಂದರೆ ಅಕ್ಕಿ ಶಾವಿಗೆ, ಇಲ್ಲವೇ ಮೊಟ್ಟೆ. ಪ್ರತಿಸಲವೂ ಅತ್ತೆ ಎದುರಿಗೆ ಕೂರುತ್ತಿದ್ದರು. ಒಂದು ವಾರದಲ್ಲಿ ಓರಗಿತ್ತಿಯೂ ಬಂದು ಕೂತಳು. ನಾನು ಒಂದು ಮಟ್ಟಕ್ಕೆ ಇಳಿದು ಅಲ್ಲಿಗೇ ನಿಂತೆ. ಕಡ್ಡಿಯ ಹಾಗಿದ್ದ ಅತ್ತೆ ಮಾತ್ರ ದುಂಡಗಾಗತೊಡಗಿದರು. ಮುಂದಿನ ಕೈಲ್ ಮುಹೂರ್ತದ ಹೊತ್ತಿಗೆ ಅವರ ರವಿಕೆಗಳು ಬಿಗಿಯಾಗಿದ್ದವು. ನನ್ನ ಹಳೆಯವು ಪೆಟ್ಟಿಗೆಯಲ್ಲಿದ್ದವು, ತೋಳು ಸ್ವಲ್ಪ ಒಳಗೆ ಹಿಡಿದು ಕೊಟ್ಟೆ. ಅವನ್ನು ತೊಟ್ಟು ಅವರು ಅಂಗಳದಲ್ಲಿ ನಡೆಯುವಾಗ ಹಿಂದಿನಿಂದ ನೋಡಿದರೆ, ಅಲ್ಲಿ ಹೋಗುತ್ತಿರುವುದು ನಾನೇ ಏನೋ ಎಂದು ಒಂದು ಕ್ಷಣ ಗಾಬರಿಯಾಗುತ್ತಿತ್ತು.

ಆ ಹಬ್ಬದ ಬೆಳಿಗ್ಗೆ ನಾವು ಮೂವರೂ ಒಲೆಯ ಮುಂದೆ ಕಡುಬು ತಿನ್ನುತ್ತಿದ್ದೆವು. ಮಾವ ಕೋವಿಗೆ ಹೂ ಮುಡಿಸಿ ಪೂಜೆ ಮುಗಿಸಿ ಅಡುಗೆಮನೆ ಬಾಗಿಲಿಗೆ ಬಂದರು. ನಮ್ಮ ತಟ್ಟೆಗಳನ್ನು ನೋಡಿದರು. ನನ್ನ ಕೈ ತುತ್ತಿನ ಸಮೇತ ನಿಂತುಬಿಟ್ಟಿತು. ಅವರು ತಮಗೂ ಹಸಿವಾಗಿದೆ ಎಂದು ಮೆಲ್ಲಗೆ ಹೇಳಿದರು. ಅತ್ತೆ ಏಳಲಿಲ್ಲ. ಹಬೆಯಲ್ಲಿ ಇನ್ನೊಂದು ಒಬ್ಬೆ ಬೇಯುತ್ತಿದೆ, ಸ್ವಲ್ಪ ಕೂತಿರಿ ಎಂದರು. ಮಾವ ಹೊಸ್ತಿಲ ಆಚೆ ಕೂತು ಕಾದರು.