ಶೇಂಗಾ ಕಾಳಿನ ಪ್ರಯಾಣಿಕರು

ನಮ್ಮ ಪಕ್ಕದ ಮನೆಯ ಕಾಕಾ ಜತ್ತದಿಂದ ಮುಚ್ಚಂಡಿಗೆ ಮಂದಿ ತುಂಬಿಕೊಂಡು ವಡಾಪ್ ಎನ್ನುವ ಬಾಡಿಗೆ ಜೀಪು ಓಡಿಸುತ್ತಿದ್ದರು. ತಿರುವಿನಲ್ಲೂ ವೇಗ ಇಳಿಸುತ್ತಿರಲಿಲ್ಲ. ನಾವು ಸರಳು ಹಿಡಿದುಕೊಂಡು "ಸಾವಕಾಶ ಹೊಡೀರಿ" ಎಂದರೆ, "ಗಾಡಿಗಿ ದಾರಿ ಗೊತ್ತೈತ್ರಿ" ಎನ್ನುತ್ತಿದ್ದರು.

ಮೊಣಕಾಲು ಸೋತು ಜೀಪು ಬಿಟ್ಟ ಮೇಲೆ ಅವರು ಕೀಲಿ ಕೊಡುವ ಆಟಿಕೆ ರೈಲೊಂದನ್ನು ತಂದರು. ಕೀಲಿ ಕಿತ್ತು, ಎಂಜಿನ್ನಿಗೆ ಹಳೆಯ ಟೇಪ್ ರೆಕಾರ್ಡರಿನ ಮೋಟಾರ್ ಕೂಡಿಸಿದರು. ವೇಗ ಹೆಚ್ಚುಕಡಿಮೆ ಮಾಡಲು ರೇಡಿಯೊದ ವಾಲ್ಯೂಮ್ ಗುಂಡಿ ಹಚ್ಚಿದರು. ರೈಲಿನ ಡಬ್ಬಿಗಳಲ್ಲಿ ಶೇಂಗಾ ಕಾಳು ಕೂರಿಸಿದರು.

ನಾನು ಹೋದಾಗ ರೈಲು ತಿರುವಿನಲ್ಲಿ ಮಗುಚಿ ಬಿತ್ತು. ಕಾಕಾ ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಆರಿಸಿ, ಒರೆಸಿ, ಮತ್ತೆ ಕೂರಿಸಿದರು. ಗುಂಡಿಯನ್ನು ಕೂದಲೆಳೆಯಷ್ಟು ಇಳಿಸಿದರು. ಒಂದು ವಾರದಿಂದ ಇದೇ ನಡೆದಿತ್ತಂತೆ.

"ಇಷ್ಟ ಸಾವಕಾಶ ಯಾಕ್ರಿ ಕಾಕಾ?" ಎಂದೆ.

"ಒಳಗ ಮಂದಿ ಕುಂತಾರಲ್ಲಪಾ."

ಅಡುಗೆಮನೆಯಿಂದ ಅವರ ಹೆಂಡತಿ ಹೊರಗೆ ಬಂದರು. "ನಾ ಬಸರಿದ್ದಾಗ ನಿಮ್ಮ ಜೀಪಿನ್ಯಾಗ ಕುಂತಿದ್ದೆ. ಆವಾಗ ಮಂದಿ ಕಾಣಲಿಲ್ಲೇನ್ರಿ?"

ಕಾಕಾ ಗುಂಡಿಯನ್ನು ಇನ್ನೂ ಇಳಿಸಿದರು. ರೈಲು ನಿಂತೇಬಿಟ್ಟಿತು.

"ಗಾಡಿ ನಿಂತೈತಿ," ಎಂದರು, ನನ್ನ ಕಡೆ ನೋಡುತ್ತ. "ಇಳಿ ಅಂತ ಹೇಳಪಾ ಆಕಿಗಿ."